ಎಣ್ಣಿ ಹೊಡೆದರೂ ಹೋಗದ ಬಿದಿರಿನ ಹಕ್ಕಳೆ

ಪ್ರಶ್ನೆ: ನಮ್ಮದು ಜಮಖಂಡಿ ತಾಲೂಕು. ಕಬ್ಬಿನ ಹೊಲದ ಬದುವಿನ ಮೇಲೆ 5 ವರ್ಷದ ಹಿಂದೆ ಬಿದಿರು ಹಚ್ಚಿದ್ದೇವೆ. ಈ ವರ್ಷ ಗಳಗಳ ಮೇಲೆ ಹಳದಿ-ಹಸಿರು ಹಕ್ಕಳೆ ಕಟ್ಟಿದ ಹಾಗೆ ಆಗಿದೆ. ರಸ್ತೆ ಕಡೆಯ ಸಾಲಿಗೆ ಜಾಸ್ತಿ. ಎಲೆ ಹಳದಿಯಾಗಿ ಉದುರುತ್ತಿದೆ, ಹೊಸ ಗಳ ತೆಳ್ಳಗೆ ಬರುತ್ತಿದೆ. ಅಂಗಡಿಯವರು ಕೊಟ್ಟ ಔಷಧ ಎರಡು ಸಲ ಹೊಡೆದೆವು. ಹಕ್ಕಳೆ ಹಾಗೇ ಇದೆ. ಇದು ಕಬ್ಬಿಗೆ ಹತ್ತುತ್ತದೆಯೇ? ಬಿದಿರು ಕಿತ್ತು ಹಾಕಬೇಕೇ? ಮನೆ ಮುಂದಿನ ಹಳದಿ ಬಿದಿರಿನ ಎಳೆಯ ಗಳಕ್ಕೂ ಬಿಳಿ ಪುಡಿ ಬಂದಿದೆ, ಅದೂ ಇದೇ ರೋಗವೇ?

ಉತ್ತರ: ಮೊದಲು ನಿದ್ದೆ ಕೆಡಿಸುವ ಪ್ರಶ್ನೆಗೆ ಉತ್ತರ. ಬಿದಿರು ಕೀಳಬೇಡಿ. ನಿಮ್ಮ ಕಬ್ಬಿಗೆ ಈ ಹುಳದಿಂದ ಭಯ ಇಲ್ಲ.

ಇದು ರೋಗ ಅಲ್ಲ, ಹುಳ. ನೋಡಿದರೆ ಹುಳ ಅನ್ನಿಸುವುದಿಲ್ಲ, ಅಲ್ವಾ? ಕಾಲಿಲ್ಲ, ರೆಕ್ಕೆ ಇಲ್ಲ, ಅಲುಗಾಡುವುದಿಲ್ಲ. ಫೋಟೋದಲ್ಲಿ ಕಂಡದ್ದನ್ನೂ ನೀವು ಬರೆದದ್ದನ್ನೂ ಸೇರಿಸಿ ನೋಡಿದರೆ ಇದು ಬಿದಿರಿನ ಶಲ್ಕ ಕೀಟ. ಇದರ ಶಾಸ್ತ್ರೀಯ ಹೆಸರು ಬ್ಯಾಂಬೂಸಾಸ್ಪಿಸ್ ಬ್ಯಾಂಬೂಸೆ. ಹಳೆಯ ಪುಸ್ತಕಗಳಲ್ಲಿ ಆಸ್ಟರೋಲೆಕೇನಿಯಮ್ ಬ್ಯಾಂಬೂಸೆ ಅಂತ ಸಿಗುತ್ತದೆ. ಬೆಚ್ಚಗಿನ ನಾಡುಗಳಲ್ಲಿ ಬಿದಿರು ಬೆಳೆಯುವ ಕಡೆಯೆಲ್ಲ ಇರುವ ಹುಳ ಇದು.

ಒಂದು ಕೊಂಬೆ ಮುರಿದು ಬಿಸಿಲಿಗೆ ಹಿಡಿದು ನೋಡಿ. ಕೈಯಲ್ಲಿ ಲೆನ್ಸ್ ಇಲ್ಲದಿದ್ದರೆ ಮೊಬೈಲಿನ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿದರೂ ಸಾಕು. ಒಂದೊಂದು ಹಕ್ಕಳೆಯೂ ಹಸಿರು ಬಣ್ಣದ ಎಳ್ಳಿನ ಕಾಳಿನ ಹಾಗೆ ಕಾಣುತ್ತದೆ. ಒಂದು ತುದಿ ದುಂಡಗೆ, ಇನ್ನೊಂದು ತುದಿ ಸ್ವಲ್ಪ ಚೂಪು. ಉದ್ದ 2-3 ಮಿಲಿಮೀಟರ್. ಮೇಲೆ ಗಾಜಿನಂಥ ಮೇಣದ ಮುಚ್ಚಳ, ಸುತ್ತಲೂ ಸೀರೆಯ ಅಂಚಿನ ಹಾಗೆ ಮೇಣದ ಸಣ್ಣ ಸಣ್ಣ ಎಳೆಗಳು. ಆ ಮುಚ್ಚಳದ ಕೆಳಗೆ ಹೆಣ್ಣು ಹುಳ ಕೂತಿರುತ್ತದೆ. ಕೂದಲಿಗಿಂತ ತೆಳ್ಳಗಿನ ಬಾಯಿಯನ್ನು ಗಳದೊಳಗೆ ಇಳಿಸಿ ರಸ ಹೀರುತ್ತದೆ. ಒಮ್ಮೆ ಕೂತರೆ ಮುಗಿಯಿತು, ಸಾಯುವ ತನಕ ಅದೇ ಜಾಗ. ಮೊಟ್ಟೆಯನ್ನೂ ಆ ಮುಚ್ಚಳದ ಕೆಳಗೇ ಇಡುತ್ತದೆ.

ಇದರ ನೆಂಟರನ್ನು ನೀವು ನೋಡಿಯೇ ಇರುತ್ತೀರಿ. ಬಳೆ ಮಾಡುವ ಅರಗು ಬರುವುದು ಇಂಥದೇ ಒಂದು ಹುಳದಿಂದ. ನಮ್ಮ ಕಡೆಯ ಡಬ್ಬಗಳ್ಳಿಯ ಮೇಲೆ ಬಿಳಿ ಹತ್ತಿ ಅಂಟಿದ ಹಾಗಿರುತ್ತದಲ್ಲ, ಅದನ್ನು ಒರೆಸಿದರೆ ಬೆರಳೆಲ್ಲ ಕೆಂಪಾಗುತ್ತದಲ್ಲ, ಅದೂ ಇದೇ ಬಳಗ. ಹೊಲಗಳನ್ನೆಲ್ಲ ನುಂಗುತ್ತಿದ್ದ ಪಾಪಾಸುಕಳ್ಳಿಯನ್ನು ಹತೋಟಿಗೆ ತರಲು 1926ರಲ್ಲಿ ಆ ಜಾತಿಯ ಹುಳವನ್ನು ಭಾರತಕ್ಕೆ ತರಿಸಿ ಬಿಟ್ಟರು. ದಕ್ಷಿಣ ಭಾರತದಲ್ಲಿ ಕಳ್ಳಿ ಸೋತಿತು. ಕೂತಲ್ಲೇ ಕೂತ ಹುಳ ಗಿಡದ ಸತ್ವವನ್ನು ಎಷ್ಟು ಹೀರಬಲ್ಲದು ಅನ್ನುವುದಕ್ಕೆ ಅದೇ ಸಾಕ್ಷಿ.

ಈಗ ಎಣ್ಣಿಯ ಮಾತು. ನಮ್ಮ ಕಡೆ ಯಾವ ಔಷಧ ಹೊಡೆದರೂ "ಎಣ್ಣಿ ಹೊಡದ್ವಿ" ಅನ್ನುತ್ತೇವೆ. ಮುಂದೆ ನಾನು ನಿಜವಾದ ಎಣ್ಣೆಯ ವಿಷಯ ಹೇಳಲಿಕ್ಕಿದೆ, ಗೊಂದಲ ಆಗದಿರಲಿ. ನೀವು ಹೊಡೆದ ಔಷಧ ಮೇಣದ ಮುಚ್ಚಳದ ಮೇಲೆ ಬಿದ್ದು ಜಾರಿ ಹೋಯಿತು. ಕೊಡೆ ಹಿಡಿದವನ ಮೇಲೆ ನೀರು ಚಿಮುಕಿಸಿದ ಹಾಗೆ. ಒಳಗಿನ ಹೆಣ್ಣಿಗೂ ಮೊಟ್ಟೆಗೂ ಅದು ಮುಟ್ಟಲೇ ಇಲ್ಲ. ಮುಟ್ಟಿದ್ದು ಯಾರಿಗೆ ಅಂದರೆ, ಗಳದ ಮೇಲೆ ಬಯಲಲ್ಲಿ ಓಡಾಡಿಕೊಂಡು ಈ ಹುಳವನ್ನೇ ತಿನ್ನುತ್ತಿದ್ದ ಗುಲಗಂಜಿ ಹುಳಗಳಿಗೆ, ಮುಚ್ಚಳ ಕೊರೆದು ಮೊಟ್ಟೆ ಇಡುವ ಸಣ್ಣ ಕಣಜಗಳಿಗೆ. ಎರಡು ಸಲ ಹೊಡೆದಿದ್ದರಿಂದ ನಿಮ್ಮ ಕಡೆಯ ಆಳುಗಳೇ ಸತ್ತರು.

ಇದು ನಿಮ್ಮ ಭಾಗದವರಿಗೆ ಹೊಸ ಪಾಠ ಅಲ್ಲ. 2002ರಲ್ಲಿ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಂದದ್ದು ನೆನಪಿದೆಯಾ? ಎಲೆಯ ತಳ ಎಲ್ಲ ಬೆಳ್ಳಗೆ, ಹೊಲಕ್ಕೆ ಇಳಿದರೆ ಮೈಗೆಲ್ಲ ಅಂಟು. ಜನ ಸಿಕ್ಕಿದ್ದೆಲ್ಲ ಹೊಡೆದರು. ಕೊನೆಗೆ ಕೈ ಹಿಡಿದದ್ದು ಡೈಫಾ ಮತ್ತು ಮೈಕ್ರೋಮಸ್ ಅನ್ನುವ, ಹೇನನ್ನು ತಿನ್ನುವ ಹುಳಗಳು. ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಆ ಹುಳ ಇದ್ದ ಎಲೆಗಳನ್ನು ಒಯ್ದು ಕಟ್ಟಿದವರು ನಿಮ್ಮಲ್ಲೇ ಇದ್ದಾರೆ. ಬಿದಿರಿನಲ್ಲೂ ಅದೇ ದಾರಿ ಹಿಡಿಯಬೇಕು.

ಇಲ್ಲಿಯ ಆಳು ಒಂದು ಕಪ್ಪು ಗುಲಗಂಜಿ ಹುಳ. ಕೈಲೋಕೋರಸ್ ನಿಗ್ರಿಟ ಅಂತ ಹೆಸರು. ನೋಡಲಿಕ್ಕೆ ಎರಡಾಗಿ ಸೀಳಿದ ಕಪ್ಪು ಮೆಣಸಿನ ಕಾಳಿನಷ್ಟು, ಮೈ ಫಳಫಳ ಹೊಳೆಯುತ್ತದೆ. ನಮ್ಮ ದೇಶದ್ದೇ ಹುಳ. 1930ರ ದಶಕದಲ್ಲಿ ಸೇಶೆಲ್ಸ್ ದ್ವೀಪದ ತೆಂಗಿಗೆ ಶಲ್ಕ ಕೀಟ ಬಿದ್ದಾಗ ಭಾರತದಿಂದ ಇದನ್ನು ಒಯ್ದು ಬಿಟ್ಟಿದ್ದರು. ಅದೇ ದಶಕದಲ್ಲಿ ಪೋರ್ಟೊ ರಿಕೊದಲ್ಲಿ ಬಿದಿರಿಗೆ ನಿಮ್ಮದೇ ಈ ಹುಳ ಬಿದ್ದಾಗ ಇದರ ಅಣ್ಣತಮ್ಮಂದಿರ ಜಾತಿಯೊಂದನ್ನು ಬಿಟ್ಟು ಹತೋಟಿಗೆ ತಂದರು. ಇದರ ಮರಿಯನ್ನು ಮಾತ್ರ ಸರಿಯಾಗಿ ಗುರುತಿಟ್ಟುಕೊಳ್ಳಿ. ಮರಿ ಚೆಲುವಾಗಿ ಇರುವುದಿಲ್ಲ. ಉದ್ದ ಮೈ, ಮೈತುಂಬ ಮುಳ್ಳು ಮುಳ್ಳು. ರೈತರು ಇದನ್ನೇ ಬಿದಿರು ತಿನ್ನುವ ಹುಳ ಅಂದುಕೊಂಡು ಹೊಸಕಿ ಹಾಕುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

"ಎರಡು ಸಲ ಹೊಡದ್ರೂ ಹಕ್ಕಳಿ ಹೋಗವಲ್ದ್ರೀ" ಅಂತ ಬರೆದಿದ್ದೀರಿ. ಇಲ್ಲಿ ಇನ್ನೊಂದು ಸಂಗತಿ ಇದೆ. ಹುಳ ಸತ್ತರೂ ಮುಚ್ಚಳ ಬೀಳುವುದಿಲ್ಲ. ತಿಂಗಳುಗಟ್ಟಲೆ ಗಳಕ್ಕೆ ಅಂಟಿಕೊಂಡೇ ಇರುತ್ತದೆ. ಹಾಗಾಗಿ ದೂರದಿಂದ ನೋಡಿ ಇದೆ, ಇಲ್ಲ ಅಂತ ಹೇಳಲಿಕ್ಕೆ ಬರುವುದಿಲ್ಲ. ಬೇರೆ ಬೇರೆ ಮೆಳೆಗಳಿಂದ ನಾಲ್ಕಾರು ಕೊಂಬೆ ತನ್ನಿ. ಉಗುರಿನಿಂದ ಹಕ್ಕಳೆಯನ್ನು ಒತ್ತಿ. ರಸ ಬಂದರೆ ಬದುಕಿದೆ. ಒಣಗಿ ಪುಡಿಯಾದರೆ ಸತ್ತಿದೆ. ಮುಚ್ಚಳದ ಮೇಲೆ ಸೂಜಿಯಿಂದ ಚುಚ್ಚಿದಂಥ ದುಂಡಗಿನ ತೂತು ಇದ್ದರೆ ಕಣಜ ತನ್ನ ಕೆಲಸ ಮುಗಿಸಿ ಹೊರಗೆ ಹೋಗಿದೆ ಅಂತ ಅರ್ಥ. ನೂರು ಹಕ್ಕಳೆ ಒತ್ತಿ ಲೆಕ್ಕ ಮಾಡಿ. ಮುಕ್ಕಾಲು ಪಾಲು ಒಣಗಿದ್ದರೆ ಅಥವಾ ತೂತು ಬಿದ್ದಿದ್ದರೆ ಏನೂ ಹೊಡೆಯಬೇಡಿ. ಗಳ ಕಡಿಯುವ ಕೆಲಸ ಮಾತ್ರ ಮಾಡಿ, ಅದನ್ನು ಕೆಳಗೆ ಹೇಳುತ್ತೇನೆ.

ಕಬ್ಬಿನ ಭಯ ಯಾಕೆ ಬಂತು ಅನ್ನುವುದು ನನಗೆ ಅರ್ಥವಾಗುತ್ತದೆ. ಬಿದಿರೂ ಕಬ್ಬೂ ಎರಡೂ ಹುಲ್ಲಿನ ಜಾತಿ. ಕಬ್ಬಿಗೂ ಶಲ್ಕ ಕೀಟ ಬರುತ್ತದೆ. ಆದರೆ ಅದು ಬೇರೆ ಹುಳ, ಮೆಲನಾಸ್ಪಿಸ್ ಗ್ಲೋಮೆರಾಟ. ರವದಿಯ, ಅಂದರೆ ಕಬ್ಬಿನ ಒಣ ಎಲೆಯ, ಕೆಳಗೆ ಗಣಿಕೆಗೆ ಬೂದು-ಕಪ್ಪು ಬಣ್ಣದ ದುಂಡು ಚುಕ್ಕೆಗಳು ಒತ್ತೊತ್ತಾಗಿ ಅಂಟಿರುತ್ತವೆ. ನಿಮ್ಮ ಬಿದಿರಿನ ಮೇಲಿರುವ ಹಸಿರು ಎಳ್ಳು ಬಿದಿರಿನ ಹುಳ, ಬಿದಿರಿನಲ್ಲೇ ಉಳಿಯುತ್ತದೆ. ಕಬ್ಬಿನ ಅನುಭವ ಮಾತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಬ್ಬಿನ ಶಲ್ಕಕ್ಕೆ ನೀವು ಏನು ಮಾಡುತ್ತೀರಿ? ರವದಿ ಸುಲಿಯುತ್ತೀರಿ, ಹುಳ ಇಲ್ಲದ ಹೊಲದಿಂದ ಬೀಜದ ಕಬ್ಬು ತರುತ್ತೀರಿ. ಬಿದಿರಿಗೂ ಇಂಥ ಎರಡೇ ಕೆಲಸ ಮುಖ್ಯ: ಹಳೆಯ ಗಳ ಕಡಿದು ಮೆಳೆ ಬಿಡಿಸುವುದು, ಹುಳ ಇಲ್ಲದ ಸಸಿ ತರುವುದು.

ರಸ್ತೆ ಕಡೆಗೆ ಜಾಸ್ತಿ ಅಂತ ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ಬಹಳ ಬೇಕಾಗಿದ್ದ ಸಾಲು ಅದು. ಕಾರ್ಖಾನೆ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರು ಹಗಲು ರಾತ್ರಿ ಓಡುತ್ತವೆ. ಮಣ್ಣಿನ ರಸ್ತೆಯ ಧೂಳು ಬಿದಿರಿನ ಮೇಲೆ ಒಂದು ಪದರ ಕೂರುತ್ತದೆ. ಶಲ್ಕ ಕೀಟಕ್ಕೆ ಧೂಳಿನಿಂದ ಏನೂ ಆಗುವುದಿಲ್ಲ, ಅದಕ್ಕೆ ಮುಚ್ಚಳ ಇದೆ. ಕಣಜಗಳಿಗೆ, ಗುಲಗಂಜಿ ಹುಳದ ಮರಿಗಳಿಗೆ ಧೂಳಿನಲ್ಲಿ ಹುಡುಕಾಡುವುದು ಕಷ್ಟ. ಅವು ದೂರ ಉಳಿಯುತ್ತವೆ. ಶತ್ರು ಇಲ್ಲದ ಜಾಗದಲ್ಲಿ ಹುಳ ಹೆಚ್ಚುತ್ತದೆ. ಬದುವಿನ ಗಿಡಕ್ಕೆ ನೀರು ಕಡಿಮೆ ಬಿದ್ದು ಬಾಡಿದ್ದರೆ ಹೀರಿದ ಗಾಯ ಬೇಗ ಎದ್ದು ಕಾಣುತ್ತದೆ. ಅದಕ್ಕೇ ನನ್ನ ಮೊದಲ ಔಷಧ ನೀರು. ಹಂಗಾಮಿನಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ, ಮುಂಜಾನೆ, ರಸ್ತೆ ಕಡೆಯ ಸಾಲಿಗೆ ಮೋಟರಿನ ಪೈಪು ಹಿಡಿದು ಜೋರಾಗಿ ನೀರು ಹೊಡೆಯಿರಿ. ಧೂಳು ತೊಳೆದು ಹೋಗುತ್ತದೆ, ಆಗ ತಾನೆ ಹೊರಗೆ ಬಂದ ಮರಿಗಳೂ ಉದುರುತ್ತವೆ. ಕೈಗೆ ಎಟಕುವ ದಪ್ಪ ಗಳಗಳನ್ನು ತೆಂಗಿನ ನಾರಿಗೆ ಸೋಪಿನ ನೀರು ಮಾಡಿಕೊಂಡು ತಿಕ್ಕಿದರೆ ಮುಚ್ಚಳವೇ ಕಿತ್ತು ಬರುತ್ತದೆ. ಹತ್ತು ಹದಿನೈದು ಮೆಳೆ ಇದ್ದವರು ಇಷ್ಟರಲ್ಲೇ ಗೆಲ್ಲಬಹುದು.

ಯೂರಿಯಾ ಕಬ್ಬಿಗೆ ಹಾಕಿದ್ದು ಬದುವಿಗೂ ಹರಿಯುತ್ತದೆ. ಮೇಲಿಂದ ಬಿದಿರಿಗೆ ಬೇರೆ ಹಾಕಬೇಡಿ. ಮೆತ್ತಗಿನ ಹಸಿ ಬೆಳವಣಿಗೆ ಈ ಹುಳಕ್ಕೆ ಹಬ್ಬದೂಟ. ಕೊಟ್ಟಿಗೆ ಗೊಬ್ಬರ ಸಾಕು.

ಇನ್ನು ಕಡಿಯುವ ಕೆಲಸ. 5 ವರ್ಷದ ಮೆಳೆಯಲ್ಲಿ ಒಂದು ಗಳವನ್ನೂ ಕಡಿದಿಲ್ಲ ಅಂದರೆ ಒಳಗೆ ಕೈ ಹಾಕಲಿಕ್ಕೂ ಜಾಗ ಇರುವುದಿಲ್ಲ. ಗಾಳಿ ಬೆಳಕು ಹೋಗದ ಆ ಗೊಂದಲದಲ್ಲೇ ಹುಳದ ಸಂಸಾರ. ಗಳದ ವಯಸ್ಸು ಗುರುತಿಸುವುದು ಕಷ್ಟ ಅಲ್ಲ. ಈ ಮಳೆಗಾಲದಲ್ಲಿ ಬಂದ ಗಳಕ್ಕೆ ಒಣ ಪೊರೆ ಇನ್ನೂ ಅಂಟಿರುತ್ತದೆ, ಬಣ್ಣ ಎಳೆಹಸಿರು. ಎರಡನೇ ವರ್ಷಕ್ಕೆ ಪೊರೆ ಉದುರಿ ಗಳ ಕಡುಹಸಿರಾಗುತ್ತದೆ. ಮೂರು ದಾಟಿದ್ದು ಮಂಕಾಗಿ, ಗಿಣ್ಣುಗಳ ಹತ್ತಿರ ಬೂದು ಕಲೆ ಹತ್ತಿ, ಕುಡುಗೋಲಿನ ಹಿಡಿಯಿಂದ ಬಡಿದರೆ ಟಣ್ ಅನ್ನುತ್ತದೆ. ಕಡಿಯಬೇಕಾದ್ದು ಈ ಮೂರು ದಾಟಿದ ಗಳಗಳನ್ನು, ಜೊತೆಗೆ ಹಕ್ಕಳೆ ತುಂಬಿ ಒಣಗುತ್ತಿರುವ ಕೊಂಬೆಗಳನ್ನು. ನೆಲದಿಂದ ಒಂದು ಗೇಣು ಮೇಲೆ, ಗಿಣ್ಣಿಗೆ ಸರಿಯಾಗಿ ಮೇಲ್ಗಡೆ ಕಡಿಯಿರಿ, ಬೊಡ್ಡೆಯಲ್ಲಿ ನೀರು ನಿಲ್ಲಬಾರದು. ಎಳೆ ಗಳ ಇಲ್ಲದ ಒಂದು ಬದಿಯಿಂದ ಒಳಗೆ ನುಗ್ಗಿ, ನಡುವಿನ ಹಳೆಯ ಗಳ ತೆಗೆಯುತ್ತ ಹೋದರೆ ಮೆಳೆ ಕುದುರೆ ಲಾಳದ ಆಕಾರಕ್ಕೆ ಬರುತ್ತದೆ. ಹೊರಗಿನ ಎಳೆ ಗಳಗಳಿಗೆ ಪೆಟ್ಟಾಗುವುದಿಲ್ಲ. ಒಂದೇ ಸಲ ಬೋಳು ಮಾಡಬೇಡಿ, ಎಳೆ ಗಳಕ್ಕೆ ಆಸರೆ ಬೇಕು.

ಕಾಲ ನವೆಂಬರಿನಿಂದ ಫೆಬ್ರವರಿ. ನನಗೆ ಗೊತ್ತು, ಆಗ ಕಬ್ಬು ಕಡಿಯುವ ಗ್ಯಾಂಗು ಬಿಟ್ಟರೆ ಊರಲ್ಲಿ ಒಂದು ಆಳು ಸಿಗುವುದಿಲ್ಲ. ಆದರೂ ದಿನಕ್ಕೆ ಎರಡು ಮೆಳೆ ಅಂತ ಮನೆಯವರೇ ಮಾಡಿದರೂ ನಡೆಯುತ್ತದೆ. ಮಳೆಗಾಲದಲ್ಲಿ ಕಳಲೆ ಬರುವಾಗ ಮಾತ್ರ ಮೆಳೆಯೊಳಗೆ ಕಾಲಿಡಬೇಡಿ. ಕಡಿದ ಗಳವನ್ನು ಮೆಳೆಯ ಬುಡದಲ್ಲೇ ಒಟ್ಟಬೇಡಿ. ಅದು ಒಣಗುವ ತನಕ ಮುಚ್ಚಳದ ಕೆಳಗಿನಿಂದ ಮರಿಗಳು ಹೊರಗೆ ಬರುತ್ತಲೇ ಇರುತ್ತವೆ, ಪಕ್ಕದ ಎಳೆ ಗಳಕ್ಕೆ ಹತ್ತುತ್ತವೆ. ಬಿದಿರು ಇಲ್ಲದ ಕಡೆ, ಬಿಸಿಲಿಗೆ ಒಯ್ದು ಹಾಕಿ. ಪೂರ್ತಿ ಒಣಗಿದ ಗಳದ ಮೇಲೆ ಈ ಹುಳ ಬದುಕುವುದಿಲ್ಲ, ಹಾಗಾಗಿ ಬೇಲಿಗೆ, ಚಪ್ಪರಕ್ಕೆ, ಬುಟ್ಟಿ ಮೊರ ಹೆಣೆಯುವ ಮೇದಾರರಿಗೆ ಕೊಡಲು ಯಾವ ಅಡ್ಡಿಯೂ ಇಲ್ಲ. ಕೊಂಬೆ ಎಲೆ ಮಾತ್ರ ಸುಟ್ಟುಬಿಡಿ.

ಇಷ್ಟು ಮಾಡಿದ ಮೇಲೂ ಉಗುರಿನ ಪರೀಕ್ಷೆಯಲ್ಲಿ ಬದುಕಿರುವ ಹುಳವೇ ಜಾಸ್ತಿ ಸಿಕ್ಕರೆ ಆಗ ಸಿಂಪರಣೆ. ಯಾವಾಗ ಅನ್ನುವುದು ಯಾವ ಔಷಧ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಈ ಹುಳಕ್ಕೆ ಕಾಲಿರುವುದು ಬಾಳಿನಲ್ಲಿ ಒಂದೇ ಸಲ, ಮೊಟ್ಟೆಯೊಡೆದು ಬಂದ ಮರಿಯಾಗಿದ್ದಾಗ. ಮುಚ್ಚಳದ ಅಡಿಯಿಂದ ಹೊರಬಿದ್ದು, ನಡೆದು ಹೊಸ ಜಾಗ ಹುಡುಕುತ್ತದೆ. ಗಾಳಿಗೆ ಹಾರಿ, ಹಕ್ಕಿಯ ಕಾಲಿಗೆ, ನಿಮ್ಮ ಅಂಗಿಗೆ ಅಂಟಿ ಬೇರೆ ಮೆಳೆಗೆ ಹೋಗುವುದೂ ಆಗಲೇ. ಆಗ ಅದರ ಮೈಮೇಲೆ ಮುಚ್ಚಳ ಇರುವುದಿಲ್ಲ. ಸಾಯಿಸಲು ಸಿಗುವ ಕಾಲ ಅದೊಂದೇ. ಕೂತು ರಸ ಹೀರಲು ಶುರು ಮಾಡಿದ ಮೇಲೆ ಕಾಲು ಹೋಗುತ್ತದೆ, ಮುಚ್ಚಳ ಬರುತ್ತದೆ.

ಆ ಮರಿ ಕಣ್ಣಿಗೆ ಸಿಗುವುದು ಕಷ್ಟ. ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಅದಕ್ಕೆ ಸುಲಭ ಉಪಾಯ ಇದೆ. ಸ್ಟೇಷನರಿ ಅಂಗಡಿಯಲ್ಲಿ ಎರಡೂ ಕಡೆ ಅಂಟು ಇರುವ ಟೇಪು ಸಿಗುತ್ತದೆ. ಹಕ್ಕಳೆ ಜಾಸ್ತಿ ಇರುವ ಐದಾರು ಕೊಂಬೆ ಆರಿಸಿ, ಸುತ್ತ ಒಂದು ಸುತ್ತು ಸುತ್ತಿ, ಗುರುತಿಗೆ ಪಕ್ಕದಲ್ಲಿ ಬಣ್ಣದ ದಾರ ಕಟ್ಟಿ. ಮೂರು ದಿನಕ್ಕೊಮ್ಮೆ ಬಿಚ್ಚಿ ಬಿಳಿ ಹಾಳೆಗೆ ಅಂಟಿಸಿ ನೋಡಿ. ಅರಿಸಿನ ಪುಡಿ ಚಿಮುಕಿಸಿದ ಹಾಗೆ ಸಣ್ಣ ಹಳದಿ ಚುಕ್ಕೆಗಳು ಬಿದ್ದಿದ್ದರೆ ಮರಿಗಳು ಹೊರಟಿವೆ. ಚುಕ್ಕೆ ಒಂದೇ ಸಮನೆ ಏರುತ್ತಿದ್ದರೆ ಪಂಪು ತೊಳೆದು ತಯಾರಾಗಿ. ನಮ್ಮ ಸೆಕೆಯ ನಾಡಿನಲ್ಲಿ ಒಂದು ಸಂತತಿ ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ. ಕ್ಯಾಲೆಂಡರ್ ನೋಡಿ ಹೊಡೆಯಬೇಡಿ, ಟೇಪು ಹೇಳಿದ್ದೇ ಲೆಕ್ಕ.

ಹೊಡೆಯುವುದು ಬೇವಿನ ಎಣ್ಣೆ. ಲೀಟರಿಗೆ 5 ಮಿ.ಲೀ. ಅಂದರೆ 16 ಲೀಟರಿನ ಬೆನ್ನಿನ ಪಂಪಿಗೆ 80 ಮಿ.ಲೀ. ಎಣ್ಣೆಯನ್ನು ನೇರವಾಗಿ ನೀರಿಗೆ ಸುರಿದರೆ ಮೇಲೆ ತೇಲುತ್ತದೆ, ಒಂದು ಎಲೆಗೆ ಬರೀ ನೀರು, ಇನ್ನೊಂದಕ್ಕೆ ಬರೀ ಎಣ್ಣೆ. ಮೊದಲು ಒಂದು ಚೆಂಬು ಬೆಚ್ಚಗಿನ ನೀರಿನಲ್ಲಿ ಸೋಪು ಕರಗಿಸಿ, ಅದಕ್ಕೆ ಎಣ್ಣೆ ಸ್ವಲ್ಪ ಸ್ವಲ್ಪ ಹಾಕುತ್ತ ಕಲಕಿ. ಹಾಲಿನ ಹಾಗೆ ಬೆಳ್ಳಗಾದ ಮೇಲೆ ಪಂಪಿಗೆ ಹಾಕಿ. ತೋಟಗಾರಿಕೆಗೆ ಅಂತಲೇ ಬರುವ ಖನಿಜ ಎಣ್ಣೆ ಸಿಕ್ಕರೆ ಲೀಟರಿಗೆ 10 ಮಿ.ಲೀ. ಮೀನೆಣ್ಣೆ ರಾಳದ ಸೋಪು ಸಿಕ್ಕರೆ ಲೀಟರಿಗೆ 25 ಗ್ರಾಂ. ಮೂರರಲ್ಲಿ ಯಾವುದಾದರೂ ಒಂದು, ಎಲ್ಲ ಸೇರಿಸಬೇಡಿ. ಇವು ಮರಿಗಳ ಮೈ ಮುಚ್ಚಿ ಉಸಿರು ಕಟ್ಟಿಸುತ್ತವೆ. ಒಣಗಿದ ಮೇಲೆ ಗುಲಗಂಜಿ ಹುಳ ಬಂದರೆ ಅದಕ್ಕೆ ದೊಡ್ಡ ತೊಂದರೆ ಇಲ್ಲ. ಗಳ, ಗಿಣ್ಣು, ಎಲೆಯ ತಳ ಎಲ್ಲ ತೋಯಬೇಕು. 10-12 ದಿನ ಬಿಟ್ಟು ಇನ್ನೊಮ್ಮೆ. ಟೇಪಿನಲ್ಲಿ ಚುಕ್ಕೆ ಇನ್ನೂ ಬರುತ್ತಿದ್ದರೆ ಮೂರನೇ ಸಲ.

ಎರಡು ಎಚ್ಚರಿಕೆ ಇವೆ, ಎರಡನ್ನೂ ಪೆಟ್ಟು ತಿಂದು ಕಲಿತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ವಿಜಯಪುರದ ಹತ್ತಿರ ಒಬ್ಬರ ತೋಟದಲ್ಲಿ ಏಪ್ರಿಲ್ ತಿಂಗಳು ಹನ್ನೊಂದು ಗಂಟೆಗೆ ಎಣ್ಣೆ ಹೊಡೆಸಿದೆ. ನಾಲ್ಕನೇ ದಿನ ಎಲೆಯ ಅಂಚೆಲ್ಲ ಕಾದ ಹಂಚಿಗೆ ತಾಗಿದ ಹಾಗೆ ಕಂದಿತ್ತು. ಆ ರೈತರು ಒಂದು ಮಾತೂ ಅನ್ನಲಿಲ್ಲ, ಅದೇ ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಬಿಸಿಲು 35 ಡಿಗ್ರಿ ದಾಟುವ ದಿನ ಎಣ್ಣೆ ಮುಟ್ಟಬೇಡಿ. ಹೊಡೆದರೂ ಸಂಜೆ ಐದರ ಮೇಲೆ, ಹಿಂದಿನ ದಿನ ಗಿಡಕ್ಕೆ ನೀರು ಬಿಟ್ಟು. ಮೊದಲು ಒಂದು ಕೊಂಬೆಗೆ ಹೊಡೆದು ಎರಡು ದಿನ ಕಾದು ನೋಡಿ. ಎರಡನೆಯದು ಗಂಧಕ. ದ್ರಾಕ್ಷಿಗೆ ಗಂಧಕ ಹೊಡೆದ ಪಂಪಿನಲ್ಲೇ ಎಣ್ಣೆ ಕಲಸಬೇಡಿ. ಬಿದಿರಿಗೇ ಗಂಧಕ ಬಿದ್ದಿದ್ದರೆ ಒಂದು ತಿಂಗಳು ಎಣ್ಣೆ ಬೇಡ. ಎರಡೂ ಸೇರಿದರೆ ಎಲೆ ಸುಡುತ್ತದೆ.

ಗಿಡದ ಒಳಗೆ ಇಳಿಯುವ ಔಷಧ ಬುಡಕ್ಕೆ ಹಾಕಿ ಅಂತ ಯಾರಾದರೂ ಹೇಳಬಹುದು. ನಾನು ಹೇಳುವುದಿಲ್ಲ. ಬದುವಿನ ಬಿದಿರಿನ ಸೊಪ್ಪನ್ನು ಆಡು ತಿನ್ನುತ್ತವೆ, ಕಳಲೆಯನ್ನು ಮನುಷ್ಯರು ತಿನ್ನುತ್ತಾರೆ, ಬುಡಕ್ಕೆ ಹಾಕಿದ್ದು ಕಾಲುವೆಯ ನೀರಿಗೂ ಸೇರುತ್ತದೆ. ಬೆಳೆದ ಮೆಳೆಯನ್ನು ಈ ಹುಳ ಸೊರಗಿಸುತ್ತದೆ, ಕೊಲ್ಲುವುದು ಅಪರೂಪ. ಅಷ್ಟಕ್ಕೆ ಅಂಥ ವಿಷ ಬೇಡ. ಹೊಸದಾಗಿ ಹಚ್ಚಿದ ಸಸಿಗಳ ಮಾತು ಬೇರೆ. ವರ್ಷ ತುಂಬದ ಸಸಿಗೆ ಮೈತುಂಬ ಹಕ್ಕಳೆ ಬಂದಿದ್ದರೆ ಕಿತ್ತು ಸುಟ್ಟು ಬೇರೆ ಹಚ್ಚುವುದೇ ಲೇಸು. ಈ ಹುಳ ದೂರದ ಊರಿಗೆ ಹೋಗುವುದು ಹೆಚ್ಚಾಗಿ ಸಸಿಯ ಜೊತೆಗೆ, ಗಡ್ಡೆಯ ಜೊತೆಗೆ. ನಿಮ್ಮ ಮೆಳೆಯಿಂದ ಯಾರಾದರೂ ಗಡ್ಡೆ ಕೇಳಿದರೆ ಈ ವರ್ಷ ಕೊಡಬೇಡಿ. ನೀವು ಸಸಿ ತರುವಾಗ ಗಿಣ್ಣಿನ ಹತ್ತಿರದ ಒಣ ಪೊರೆಯನ್ನು ಉಗುರಿನಿಂದ ಎತ್ತಿ ನೋಡಿ ತನ್ನಿ.

ಪೊರೆ ಎತ್ತಿದಾಗ ಒಳಗೆ ಹಿಟ್ಟು ಚೆಲ್ಲಿದ ಹಾಗಿದ್ದು, ಇರುವೆ ಸಾಲು ಹರಿದಾಡುತ್ತಿದ್ದು, ಎಲೆಯ ಮೇಲೆ ಕಪ್ಪು ಮಸಿ ಕಟ್ಟಿದ್ದರೆ ಅದು ಹಿಟ್ಟು ತಿಗಣೆ. ಅದಕ್ಕೂ ಇದೇ ಸೋಪು-ಎಣ್ಣೆ ಸಾಕು. ಇರುವೆಯನ್ನು ಮಾತ್ರ ಮೊದಲು ತಡೆಯಬೇಕು. ತಿಗಣೆ ಬಿಡುವ ಸಿಹಿ ಅಂಟಿನ ಆಸೆಗೆ ಇರುವೆಗಳು ಕಾವಲು ನಿಂತು, ಗುಲಗಂಜಿ ಹುಳವನ್ನು ಹತ್ತಿರ ಬಿಡುವುದಿಲ್ಲ.

ಮನೆ ಮುಂದಿನ ಹಳದಿ ಬಿದಿರಿನ ಬಿಳಿ ಪುಡಿಗೆ ಬರುತ್ತೇನೆ. ಎಳೆಯ ಗಳಕ್ಕೆ ಮಾತ್ರ ಇದೆ ಅಂದಿದ್ದೀರಿ. ಬಟ್ಟೆಯಿಂದ ಒಮ್ಮೆ ಒರೆಸಿ. ಪೌಡರಿನ ಹಾಗೆ ನುಣ್ಣಗೆ ಒರೆಸಿ ಹೋಗಿ, ಕೆಳಗೆ ಗಳ ಚೊಕ್ಕವಾಗಿದ್ದರೆ ಅದು ಹುಳವೂ ಅಲ್ಲ, ರೋಗವೂ ಅಲ್ಲ. ಎಳೆ ಗಳ ತನಗೆ ತಾನೇ ಹಚ್ಚಿಕೊಂಡ ಮೇಣದ ಪುಡಿ. ವರ್ಷ ಕಳೆದಂತೆ ತಾನೇ ಹೋಗುತ್ತದೆ. ಒರೆಸಿದಾಗ ಅಂಟಂಟಾಗಿ, ಬಟ್ಟೆಗೆ ತಿಳಿಗುಲಾಬಿ ಬಣ್ಣದ ಮೆತ್ತಗಿನ ಹುಳ ಬಂದರೆ ಒಂದು ತುಂಡು ಕೊಂಬೆಯನ್ನು ಪೇಪರಿನಲ್ಲಿ ಸುತ್ತಿ ತನ್ನಿ. ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ಕೊಳೆತುಹೋಗುತ್ತದೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದಲ್ಲಿ ತೋರಿಸಬಹುದು. ನಿಮಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವಾದರೂ ಆದೀತು. ಬರುವಾಗ ಬದುವಿನ ಬಿದಿರಿನ ಟೇಪು ಅಂಟಿಸಿದ ಹಾಳೆಗಳನ್ನೂ ತನ್ನಿ, ಒಂದೊಂದರ ಮೇಲೂ ತಾರೀಖು ಬರೆದಿರಲಿ.